ಕೈ ಅಣ್ಣನದು, ಕಿವಿ ಅತ್ತಿಗೆಯದು

ಅಮ್ಮತ್ತಿ ಸಂತೆಯಲ್ಲಿ ಯಾರಾದರೂ ನನ್ನನ್ನು ನಿಲ್ಲಿಸಿ, "ನೀವು ಮೈಕ್ ಸೆಟ್ ಪದ್ಮಯ್ಯನ ತಂಗಿ ಅಲ್ವಾ?" ಎಂದು ಕೇಳಿದರೆ ಹೌದು ಎನ್ನುತ್ತೇನೆ. ಆದರೆ ಅಲ್ಲಿಗೆ ಬಿಡುವುದಿಲ್ಲ. "ಮೈಕ್ ಸೆಟ್ ನೀಲಾವತಿಯ ನಾದಿನಿ ಅಂತಲೂ ಹೇಳಿ" ಎನ್ನುತ್ತೇನೆ. ಕೆಲವರು ನಗುತ್ತಾರೆ. ನಗಲಿ ಬಿಡಿ, ಗೊತ್ತಿಲ್ಲದವರು ನಕ್ಕರೆ ನನಗೇನು? ಗೊತ್ತಿದ್ದೂ ನಗುವವರಿಗೆ ಮಾತ್ರ ಈ ಯಮುನಳ ಬಾಯಿ ಎಂಥದು ಎಂದು ಅಲ್ಲೇ ತೋರಿಸಿ ಕಳಿಸುತ್ತೇನೆ.

ಅಣ್ಣ ಪದ್ಮಯ್ಯ ಪಟ್ಟಾಳದಲ್ಲಿ, ಎಂದರೆ ಸೈನ್ಯದಲ್ಲಿ, ಸಿಗ್ನಲ್ ಕೆಲಸ ಮಾಡಿ ಬಂದವನು. ತಂತಿ ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ಊರಿಗೆ ಬಂದ ಮೇಲೆ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿ ಸೇರಿದ. ಲೈನಿನ ಆಳುಗಳ ಹಾಜರಿ ಹಾಕುತ್ತಾ ಕೂತರೂ ಅವನ ಕಣ್ಣೆಲ್ಲ ಬಂಗಲೆಯ ರೇಡಿಯೋ ಮೇಲೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮಾರನೇ ವರ್ಷ ರೈಟರ್ ಕೆಲಸಕ್ಕೆ ಕೈಮುಗಿದು, ಮೈಸೂರಿಗೆ ಹೋಗಿ ಒಂದು ಹಳೆಯ ಮೈಕ್ ಸೆಟ್ ತಂದ. ಲಾರಿ ಬ್ಯಾಟರಿಯಲ್ಲಿ ನಡೆಯುವ ಆಂಪ್ಲಿಫೈಯರ್, ಎರಡು ಮೈಕು, ಮರಕ್ಕೆ ಕಟ್ಟುವ ಎರಡು ತಗಡಿನ ಹಾರ್ನ್. ಆಗ ಭಾಷಣಗಳ ಸುಗ್ಗಿ. ಹೊಸ ರಾಜ್ಯವನ್ನು ಹೊಗಳುವವರಿಗೂ ಮೈಕ್ ಬೇಕು, ಬೈಯುವವರಿಗೂ ಮೈಕ್ ಬೇಕು. ಅಣ್ಣ ಇಬ್ಬರಿಗೂ ಅದೇ ಹಾರ್ನನ್ನು ಅದೇ ಮರಕ್ಕೆ ಕಟ್ಟಿಕೊಡುತ್ತಿದ್ದ. ಮದುವೆ, ಶಾಲೆಯ ವಾರ್ಷಿಕೋತ್ಸವ, ಹೀಗೆ ಎಲ್ಲಕ್ಕೂ ಪದ್ಮಯ್ಯನಿಗೇ ಕರೆ ಬರುತ್ತಿತ್ತು. ಸೆಟ್ಟಿನ ಹಿಂದೆ ಕೂತಾಗ ಅವನ ಮುಖ ನೋಡಬೇಕಿತ್ತು. ಮದುವೆ ಗಂಡಿಗೂ ಅಷ್ಟು ಕಳೆ ಇರುತ್ತಿರಲಿಲ್ಲ.

ಅತ್ತಿಗೆ ನೀಲಾವತಿ ಗಾಳಿಬೀಡಿನವಳು. ಮಾತು ಕಡಿಮೆ, ಕೇಳಿಸಿಕೊಳ್ಳುವುದು ಜಾಸ್ತಿ. ಕಣದಲ್ಲಿ ಕಾಫಿ ಹಣ್ಣು ಒಣಹಾಕಿದಾಗ ಒಣಗಿತೋ ಇಲ್ಲವೋ ಎಂದು ನಾವೆಲ್ಲ ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದೆವು. ಇವಳು ಒಂದು ಹಿಡಿ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ಒಣಗಿದ ಹಣ್ಣಿನೊಳಗೆ ಬೀಜ ಸಡಿಲಾಗಿ ಗಲಗಲ ಎನ್ನುತ್ತದೆ. ಅಷ್ಟು ಯಾರಿಗೂ ಗೊತ್ತು. ಆದರೆ ಆ ಗಲಗಲದಲ್ಲೇ, "ಇದರಲ್ಲಿ ತಡವಾಗಿ ಕುಯ್ದದ್ದು ಬೆರೆತುಟ್ಟು, ಇನ್ನೆರಡು ಬಿಸಿಲು ಬೇಕು" ಎಂದು ಹೇಳುವುದು ಇವಳೊಬ್ಬಳಿಗೆ ಬರುತ್ತಿತ್ತು. ನಮ್ಮ ಮನೆಮಾತು ಅರೆಭಾಷೆ, ಅದರಲ್ಲಿ ಉಟ್ಟು ಎಂದರೆ ಇದೆ. ನಾನು ಮೊದಲ ಸುಗ್ಗಿಯಲ್ಲೇ ಇವಳಿಗೆ ಸೋತುಬಿಟ್ಟೆ. ನನ್ನಂಥ ಬಾಯಿಬಡುಕಿಯನ್ನು ಮಾತಾಡದೆ ಗೆದ್ದವಳು ಅವಳೊಬ್ಬಳೇ.

ಒಂದೆರಡು ವರ್ಷ ಸೆಟ್ ಚೆನ್ನಾಗಿ ನಡೆಯಿತು. ಆಮೇಲೆ ಊರಲ್ಲಿ ಗುಸುಗುಸು ಶುರುವಾಯಿತು. ಪದ್ಮಯ್ಯನ ಸೆಟ್ ಕಿವಿ ಕೊರೆಯುತ್ತದಂತೆ, ಹಾಡು ಹಾಕಿದರೆ ತಗಡು ಗೀರಿದ ಹಾಗಾಗುತ್ತದಂತೆ. ದಿನಸಿ ಅಂಗಡಿಯವನೊಬ್ಬ ನನ್ನೆದುರಿಗೇ ಹೀಗೆಂದ. "ಮೊದಲು ನಿಮ್ಮ ಕಿವಿಯ ಗುಗ್ಗೆ ತೆಗೆಸಿಕೊಳ್ಳಿ" ಎಂದು, ಕಟ್ಟಿಸಿದ್ದ ಸಾಮಾನನ್ನು ಅಲ್ಲೇ ಬಿಟ್ಟು ಬಂದೆ. ಉಪ್ಪಿಲ್ಲದೆ ಮನೆಗೆ ಬಂದದ್ದಕ್ಕೆ ಅವ್ವ ಬೈದಳು, ಆ ಮಾತು ಬೇರೆ.

ನಿಜ ಬಯಲಾದದ್ದು ಗಾಳಿಬೀಡಿನಲ್ಲಿ. ಅತ್ತಿಗೆಯ ಚಿಕ್ಕಪ್ಪನ ಮಗನ ಮದುವೆ. ತವರಿನ ಮದುವೆಯೆಂದು ಅತ್ತಿಗೆ ಹಿಗ್ಗಿನಲ್ಲಿದ್ದಳು. ಹಿರಿಯರೊಬ್ಬರು ಮೈಕ್ ಮುಂದೆ ನಿಂತು ವಧೂವರರನ್ನು ಹರಸುತ್ತಿದ್ದರು. ಅಷ್ಟರಲ್ಲಿ ಹಾರ್ನ್ ಸಣ್ಣಗೆ ಸಿಳ್ಳೆ ಹಾಕತೊಡಗಿತು. ಹಾರ್ನಿನ ಸದ್ದು ತಿರುಗಿ ಮೈಕಿಗೇ ನುಗ್ಗಿದರೆ ಹಾಗಾಗುತ್ತದೆ; ಕೂಗು ಹಿಡಿಯುವುದು ಎನ್ನುತ್ತಾರೆ. ಶುರುವಾದ ಕೂಡಲೇ ಸದ್ದಿನ ಗುಂಡಿ ಇಳಿಸಿದರೆ ನಿಲ್ಲುತ್ತದೆ. ಅಣ್ಣ ಇಳಿಸಲಿಲ್ಲ. ಸಿಳ್ಳೆ ಏರಿತು, ಕಿರುಚಾಟವಾಯಿತು, ಜನ ಕಿವಿ ಮುಚ್ಚಿಕೊಂಡರು, ಕಟ್ಟಿದ್ದ ಎತ್ತು ಹಗ್ಗ ಕಿತ್ತುಕೊಂಡು ಓಡಿತು, ಮದುಮಗಳು ಅಳುವುದಕ್ಕೇ ಶುರುಮಾಡಿದಳು. ಅಣ್ಣ ಮಾತ್ರ ನಗುಮುಖದಿಂದ ಸೆಟ್ಟಿನ ಹಿಂದೆ ಕೂತೇ ಇದ್ದ. ಜನ ಯಾಕೆ ಕಿವಿ ಮುಚ್ಚಿಕೊಂಡಿದ್ದಾರೆಂದು ಅವನು ಸುತ್ತ ನೋಡಿದ ರೀತಿ ಇದೆಯಲ್ಲ, ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಮಾರನೇ ದಿನ ಮನೆಯ ಕಣದಲ್ಲಿ ಅತ್ತಿಗೆ ಒಣಗಿದ ಕಾಫಿ ಹಣ್ಣನ್ನು ಮುಷ್ಟಿ ತುಂಬ ಹಿಡಿದುಕೊಂಡು ಅಣ್ಣನ ಹಿಂದೆ ನಿಂತಳು. ಅವನ ಕಿವಿಯ ಪಕ್ಕದಲ್ಲೇ ಅಲ್ಲಾಡಿಸಿದಳು. ಅಂಗಳದ ಈ ತುದಿಯಲ್ಲಿ ಸೊಪ್ಪು ಸೋಸುತ್ತಿದ್ದ ನನಗೂ ಗಲಗಲ ಕೇಳುತ್ತಿತ್ತು.

"ಇದು ಒಣಗಿ ಉಟ್ಟಾ, ಹೇಳಿ ನೋಡುವ" ಎಂದಳು.

ಅಣ್ಣ ತಲೆ ಓರೆ ಮಾಡಿ ಕೇಳಿದ. "ಇಲ್ಲೆ. ಹಸಿ ಉಟ್ಟು. ಸದ್ದೇ ಇಲ್ಲೆ."

ಅತ್ತಿಗೆ ಇನ್ನೂ ಜೋರಾಗಿ ಅಲ್ಲಾಡಿಸಿದಳು. ಅಣ್ಣ ತಿರುಗಿ ನೋಡಿದ. ಅವಳ ಕೈ ಅಲ್ಲಾಡುತ್ತಿತ್ತು, ಹಣ್ಣು ಕಪ್ಪಗೆ ಒಣಗಿತ್ತು. ಅವನು ಕಣದ ಅಂಚಿನಲ್ಲಿ ಕೂತುಬಿಟ್ಟ. "ಹಕ್ಕಿ ಕೂಗು ಕೇಳದೆ ವರ್ಷ ಆಯ್ತು ನೀಲ. ಹಕ್ಕಿಗಳೇ ಕಡಿಮೆ ಆದವೇನೋ ಅಂತ ನನಗೆ ನಾನೇ ಹೇಳಿಕೊಳ್ತಿದ್ದೆ" ಎಂದ. ಪಟ್ಟಾಳದಲ್ಲಿದ್ದಾಗ ಬರ್ಮಾ ಗಡಿಯಲ್ಲಿ ಚಳಿಜ್ವರ ಹಿಡಿದು, ಮುಷ್ಟಿಗಟ್ಟಲೆ ಕ್ವಿನೈನ್ ನುಂಗಿಸಿದ್ದರಂತೆ. ಅಂದಿನಿಂದ ಕಿವಿಯಲ್ಲಿ ಗುಂಯ್ ಎನ್ನುವುದು ನಿಂತಿರಲಿಲ್ಲ. ದಪ್ಪ ಸದ್ದು ಚೆನ್ನಾಗಿ ಕೇಳುತ್ತಿತ್ತು: ಲಾರಿ, ಗುಡುಗು, ದುಡಿ, ಅವ್ವನ ದನಿ. ಹಕ್ಕಿಯ ಕೂಗು, ಸಿಳ್ಳೆಯಂಥ ಕೀಚಲು ಸಣ್ಣ ಸದ್ದು ಮಾತ್ರ ಒಂದೊಂದಾಗಿ ಆರಿಹೋಗಿತ್ತು. ಮಾತಿನಲ್ಲಿ ಕೇಳದೆ ಉಳಿದದ್ದನ್ನು ಎದುರಿನವರ ಬಾಯಿ ನೋಡಿ ತುಂಬಿಕೊಳ್ಳುತ್ತಿದ್ದ. ತನಗೆ ಕೇಳದ ಸಣ್ಣ ಸದ್ದನ್ನೇ ಏರಿಸಿ ಏರಿಸಿ ಊರಿನ ಕಿವಿ ಕೊರೆಯುತ್ತಿದ್ದ, ಪಾಪ.

ನಮ್ಮ ಅವ್ವ ಪೂವಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಬಾಗಿಲಿಗೆ ಬಂದು, "ಈ ಮಾತು ಈ ಅಂಗಳ ದಾಟಿದರೆ ನೋಡಿ ಮತ್ತೆ! ಕಿವಿ ಇಲ್ಲದವನ ಕೈಗೆ ಯಾರು ಮೈಕ್ ಕೊಡ್ತಾರೆ?" ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಸುದ್ದಿ ಹೊರಬಿದ್ದರೆ ಸೆಟ್ ಅಟ್ಟ ಸೇರುತ್ತಿತ್ತು. ಸೆಟ್ ಅಟ್ಟ ಸೇರಿದರೆ ಅಣ್ಣ ಇನ್ನಾವುದೋ ಎಸ್ಟೇಟಿನಲ್ಲಿ ಹಾಜರಿ ಹಾಕುತ್ತಾ ಮುದುಕನಾಗಬೇಕಿತ್ತು.

ಗಾಳಿಬೀಡಿನ ಕಥೆ ಕೊಡಗಿನ ತುಂಬ ಹಬ್ಬಿತು. ಗೊತ್ತುಮಾಡಿದ್ದವರೆಲ್ಲ ಒಬ್ಬೊಬ್ಬರಾಗಿ ಬೇಡವೆಂದರು. ಉಳಿದದ್ದು ಬಿಟ್ಟಂಗಾಲದ ಒಂದೇ ಮದುವೆ. ಆ ಮನೆಯ ಯಜಮಾನ ಕುಟ್ಟಪ್ಪ ಕಾಫಿ ಬೆಳೆಗಾರ, ನೇರ ಮಾತಿನ ಮನುಷ್ಯ. ಅವನೇ ಜೀಪಿನಲ್ಲಿ ನಮ್ಮ ಮನೆಗೆ ಬಂದ.

"ನೋಡು ಪದ್ಮಯ್ಯ, ನಿನಗೆ ಮಾತು ಕೊಟ್ಟಾಗಿದೆ, ಬೇರೆಯವರನ್ನ ಕರೆಯೋದಿಲ್ಲ. ಆದ್ರೆ ನಾಣಯ್ಯಜ್ಜ ಹಾಡೋಕೆ ಒಪ್ಪಿದ್ದಾರೆ. ಅವರು ದುಡಿ ಮುಟ್ಟದೆ ಎಷ್ಟು ವರ್ಷ ಆಗಿತ್ತು! ಅವರನ್ನ ಕೇಳೋದಕ್ಕೇ ಜನ ಬರ್ತಾರೆ. ಅಲ್ಲಿ ನಿನ್ನ ಸೆಟ್ ಕಿರುಚಿದ್ರೆ ಆಮೇಲೆ ನೀನೂ ಬೇಡ, ನಿನ್ನ ಹಾರ್ನೂ ಬೇಡ."

"ಕಿರುಚೋದಿಲ್ಲ ಕುಟ್ಟಪ್ಪಣ್ಣ" ಎಂದದ್ದು ಅಣ್ಣನಲ್ಲ, ಅತ್ತಿಗೆ. ಕಾಫಿ ಲೋಟ ಕೊಡುತ್ತಾ ಸಹಜವಾಗಿ ಹೇಳಿಬಿಟ್ಟಳು. ಕುಟ್ಟಪ್ಪ ಕಾಫಿ ಕುಡಿದು ಹೋದ.

ದುಡಿಯ ಹಾಡು ಗೊತ್ತಲ್ಲ, ನಾಲ್ಕು ಮಂದಿ ಹಾಡುವುದು. ಒಬ್ಬೊಬ್ಬರ ಕೈಯಲ್ಲೂ ನಡು ಸಣ್ಣಗಿನ ಪುಟ್ಟ ದುಡಿ. ಇಬ್ಬರು ಒಂದು ಸಾಲು ಹಾಡಿದರೆ ಇನ್ನಿಬ್ಬರು ಅದನ್ನು ಹಿಡಿದು ಮತ್ತೆ ಹಾಡುತ್ತಾರೆ, ದುಡಿ ಮಾತ್ರ ನಾಲ್ವರದೂ ನಿಲ್ಲದೆ ನುಡಿಯುತ್ತಿರುತ್ತದೆ. ಇಂಥ ಹಾಡನ್ನು ಬರೀ ಹಾರ್ನಿಗೆ ಕೊಟ್ಟರೆ ದುಡಿ ಡಬ್ಬ ಬಡಿದಂತೆ ಕೇಳುತ್ತದೆ. ಹಾರ್ನ್ ಸಣ್ಣ ಸದ್ದಿಗೆ ಸರಿ, ದಪ್ಪ ಸದ್ದು ಅದರ ಗಂಟಲಲ್ಲಿ ಇಳಿಯುವುದಿಲ್ಲ. ಅಣ್ಣ ಹಲಸಿನ ಹಲಗೆಯ ದೊಡ್ಡ ಪೆಟ್ಟಿಗೆ ಮಾಡಿ ಅದರಲ್ಲಿ ಅಗಲವಾದ ಕಾಗದದ ಸ್ಪೀಕರ್ ಕೂರಿಸಿದ. ದಪ್ಪ ಸದ್ದಿಗೆ ಅದು. ಈಗ ಆಂಪ್ಲಿಫೈಯರಿನಿಂದ ಬರುವ ಒಂದೇ ಸದ್ದನ್ನು ಎರಡು ಪಾಲು ಮಾಡಬೇಕು. ಹಾರ್ನಿನ ದಾರಿಯಲ್ಲಿ ಕಂಡೆನ್ಸರ್ ಇಟ್ಟರೆ ಅದು ದಪ್ಪದ್ದನ್ನು ತಡೆದು ಸಣ್ಣದನ್ನು ಬಿಡುತ್ತದಂತೆ. ಪೆಟ್ಟಿಗೆಯ ದಾರಿಯಲ್ಲಿ ತಾಮ್ರದ ತಂತಿಯ ಸುರುಳಿ ಇಟ್ಟರೆ ಅದು ಸಣ್ಣದನ್ನು ತಡೆದು ದಪ್ಪದ್ದನ್ನು ಬಿಡುತ್ತದಂತೆ. ಅಣ್ಣ ಇದನ್ನು ಕೈಯಾಡಿಸಿ ಆಡಿಸಿ ವಿವರಿಸಿದ. ಅತ್ತಿಗೆ ಎಲ್ಲ ಕೇಳಿ, "ಕಾಫಿ ಜರಡಿ ಹಾಗೆ" ಎಂದಳು. ಅಣ್ಣನಿಗೆ ಬಹಳ ಖುಷಿಯಾಯಿತು.

"ಹಾಗೇ! ಆದರೆ ಜರಡಿಯ ಕಣ್ಣು ಎಷ್ಟು ದೊಡ್ಡದು ಬೇಕು, ಅದು ನನಗೆ ತಿಳಿಯೋದಿಲ್ಲ. ದಪ್ಪ ಎಲ್ಲಿ ಮುಗೀತು, ಸಣ್ಣ ಎಲ್ಲಿ ಶುರು ಆತು, ನನ್ನ ಕಿವಿಗೆ ಗೊತ್ತಾಗೋದಿಲ್ಲೆ."

"ನಾ ಹೇಳ್ತೆ. ನೀವು ಸುತ್ತಿ."

ಹಾಗೆ ಶುರುವಾಯಿತು. ಅಣ್ಣ ಅಂಗಳದಲ್ಲಿ ಬಿದಿರಿನ ಕೊಳವೆಯಂಥ ಅಂಡೆಗೆ ತಂತಿ ಸುತ್ತುವುದು, ಅತ್ತಿಗೆ ಕಣದ ಆ ತುದಿಯಲ್ಲಿ ನಿಂತು ಕೇಳುವುದು. ಅವಳು ತಲೆ ಅಲ್ಲಾಡಿಸಿದರೆ ಅಣ್ಣ ನಾಲ್ಕು ಸುತ್ತು ಬಿಚ್ಚುವುದು, ಮತ್ತೆ ಸುತ್ತುವುದು. ಪರೀಕ್ಷೆಗೆ ಒಂದು ದನಿ ಬೇಕಲ್ಲ? ನಾನು ಮೈಕ್ ಮುಂದೆ ನಿಂತರೆ ನಗು ಬರುತ್ತಿತ್ತು. ಅವ್ವನನ್ನು ಕರೆದರೆ, "ನಾನೇನು ಮಂತ್ರಿಯಾ ಮೈಕ್ ಮುಂದೆ ನಿಲ್ಲೋಕೆ?" ಎಂದು ರೇಗಿ, ಅಲ್ಲೇ ನಿಂತು ನಮ್ಮೆಲ್ಲರ ಜಾತಕ ಬಿಡಿಸಿದಳು. ಭತ್ತ ಕುಟ್ಟಿಲ್ಲ, ಹಂದಿಗೆ ಕಲಗಚ್ಚು ಇಟ್ಟಿಲ್ಲ, ಮನೆಯಲ್ಲಿ ಒಬ್ಬರಿಗೂ ಬುದ್ಧಿ ಇಲ್ಲ. ಮೈಕ್ ಆನ್ ಆಗಿಯೇ ಇತ್ತು! ಅವ್ವನ ಬೈಗುಳ ಎರಡು ತುಂಡಾಗಿ ಹೊರಬಂತು. ಹಾರ್ನಿನಿಂದ ಬರೀ ಚಿಸ್ ಚಿಸ್, ಪೆಟ್ಟಿಗೆಯಿಂದ ಬರೀ ಗುಂ ಗುಂ, ನಡುವಿನ ಮಾತೇ ಮಾಯ.

"ಅವ್ವಾ, ನಿಲ್ಲಿಸಬೇಡಿ, ಇನ್ನೂ ಬೈಯಿರಿ!" ಎಂದು ಅತ್ತಿಗೆ ಕೂಗಿದಳು. ಅವ್ವನಿಗೆ ಅದೇನು ಹೇಳಿಕೊಡಬೇಕೇ? ಅಣ್ಣ ಸುತ್ತು ಬಿಚ್ಚಿದ. ಈಗ ಹಾರ್ನೂ ಪೆಟ್ಟಿಗೆಯೂ ಒಂದೇ ಮಾತನ್ನು ಇಬ್ಬರು ಹೇಳಿದಂತೆ ಹೇಳಿದವು. "ಬೇಡ, ನಡುವೆ ಗಂಟು ಕಟ್ಟಿತು" ಎಂದಳು ಅತ್ತಿಗೆ. ಒಂದಿಷ್ಟು ಮತ್ತೆ ಸುತ್ತಿದ. ಬೈಗುಳ ಬಿಡುವಿಲ್ಲದೆ ನಡೆದೇ ಇತ್ತು. ಸಂಜೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಎರಡೂ ಸೇರಿ ಒಬ್ಬಳೇ ಹೆಂಗಸಾಯಿತು. ಅವ್ವ ಬಾಯಿಗೆ ಕೈ ಇಟ್ಟುಕೊಂಡು, "ಅಯ್ಯೋ, ಅದ್ಯಾರು ನನ್ನ ಹಾಗೇ ಬೈತಾ ಇರೋದು?" ಎಂದಳು. ಅತ್ತಿಗೆ ಕಣದ ತುದಿಯಿಂದ ಓಡಿಬಂದು ಅವ್ವನನ್ನು ತಬ್ಬಿಕೊಂಡಳು. ಅಣ್ಣ ಆ ಸುರುಳಿಗೆ ಮೇಣ ಹಚ್ಚಿ ಭದ್ರ ಮಾಡಿದ.

ಹಾರ್ನಿಗೊಂದು, ಪೆಟ್ಟಿಗೆಗೊಂದು ಗುಂಡಿ ಇಟ್ಟ. ತಿರುಗಿಸಿ ಯಾವುದನ್ನು ಬೇಕಾದರೂ ಏರಿಸಬಹುದು, ಇಳಿಸಬಹುದು. ಮೈಕುಗಳಿಗೂ ಒಂದೊಂದು ಗುಂಡಿ ಮೊದಲೇ ಇತ್ತು. ಮೈಕಿನ ಗುಂಡಿಗಳ ಚಿಂತೆ ಇರಲಿಲ್ಲ, ದುಡಿ ಅಣ್ಣನ ಎದೆಗೇ ಕೇಳುತ್ತದೆ. ತೊಂದರೆಯೆಲ್ಲ ಹಾರ್ನಿನ ಗುಂಡಿಯದು. ಮಂಟಪದಲ್ಲಿ ಜನ ತುಂಬಿದಂತೆ ಸದ್ದು ಬದಲಾಗುತ್ತದೆ, ಆಗಾಗ ತಿದ್ದುತ್ತಿರಬೇಕು. ಅಣ್ಣನಿಗೆ ಅದು ಕೇಳದು.

"ನಾ ಪಕ್ಕದಲ್ಲಿ ಕೂರ್ತೆ" ಎಂದಳು ಅತ್ತಿಗೆ.

"ಕೂತ್ರೆ ಊರಿಗೇ ಡಂಗುರ ಹೊಡೆದ ಹಾಗೆ" ಎಂದಳು ಅವ್ವ. "ಪಟ್ಟಾಳದಲ್ಲಿ ಕಲಿತು ಬಂದವನಿಗೆ ಹೆಂಡತಿ ಗುಂಡಿ ತಿರುಗಿಸಿಕೊಡ್ತಾಳಾ? ಯಾಕೆ ಅಂತ ಕೇಳ್ತಾರೆ. ಎಂತ ಹೇಳ್ತೀಯಾ?"

ಅಣ್ಣ ನೆಲ ನೋಡಿದ. ಅವನಿಗೂ ಅದೇ ಭಯ. ನನಗೆ ಅವ್ವನ ಮೇಲೆ ಉರಿದುಹೋಯಿತು. ಕೊನೆಗೆ ಕೈಸನ್ನೆ ಮಾಡುವುದೆಂದು ತೀರ್ಮಾನವಾಯಿತು. ಅತ್ತಿಗೆ ಹೆಂಗಸರ ನಡುವೆ, ಅಣ್ಣನಿಗೆ ಕಾಣುವಂತೆ ಕೂರಬೇಕು. ಸಣ್ಣ ಸದ್ದು ಹಣೆಗೆ ತಾಗುತ್ತದೆ, ದಪ್ಪ ಸದ್ದು ಎದೆಗೆ ತಾಗುತ್ತದೆ ಎಂದು ಅವಳು ಹೇಳುತ್ತಿದ್ದಳು. ಹಾಗಾಗಿ ಹಣೆ ಮುಟ್ಟಿದರೆ ಹಾರ್ನ್ ಏರಿಸುವುದು, ಎದೆ ಮುಟ್ಟಿದರೆ ಪೆಟ್ಟಿಗೆ ಏರಿಸುವುದು, ಕಿವಿ ಮುಟ್ಟಿದರೆ ಹಾರ್ನ್ ಇಳಿಸುವುದು. ಪಟ್ಟಾಳದ ಸಿಗ್ನಲ್ಲಿನ ಹಾಗೇ ಇದೆ ಎಂದು ಅಣ್ಣ ಹೆಮ್ಮೆಪಟ್ಟ. ಎಲ್ಲರೂ ಸೇರಿ ಬಹಳ ಯೋಚನೆ ಮಾಡಿದ್ದೇವೆಂದು ನಾವು ಬೀಗಿದೆವು.

ಬಿಟ್ಟಂಗಾಲದಲ್ಲಿ ಕುಟ್ಟಪ್ಪನ ಮನೆಯ ಮುಂದೆ ದೊಡ್ಡ ಚಪ್ಪರ. ಅಣ್ಣ ಹಾರ್ನನ್ನು ಕಂಬಕ್ಕೆ ಕಟ್ಟಿ, ಪೆಟ್ಟಿಗೆಯನ್ನು ಕೆಳಗಿಟ್ಟು, ಸೆಟ್ಟಿನ ಹಿಂದೆ ಸ್ಟೂಲು ಹಾಕಿಕೊಂಡು ಕೂತ. ಹಾಡುವ ಇಬ್ಬಿಬ್ಬರ ಮುಂದೆ ಒಂದೊಂದು ಮೈಕ್. ನಾಣಯ್ಯಜ್ಜ ತೆಳ್ಳಗಿನ ಮುದುಕ, ಕೊಡಗಿನ ಗಂಡಸರು ತೊಡುವ ಉದ್ದನೆಯ ಕುಪ್ಪಸದ ತೋಳು ಸಡಿಲವಾಗಿ ನೇತಾಡುತ್ತಿತ್ತು. ಆದರೆ ದುಡಿಗೆ ಕೋಲು ತಾಗಿಸಿದ ಕೂಡಲೇ ಚಪ್ಪರದ ಗಲಾಟೆ ನಿಂತಿತು. ಮೊದಲ ಸಾಲು ಹೊರಬಂತು ನೋಡಿ, ಆಹಾ! ದುಡಿ ಪೆಟ್ಟಿಗೆಯಿಂದ ದುಡಿಯಾಗಿಯೇ ಬಂತು, ಅಜ್ಜನ ದನಿ ಹಾರ್ನಿನಿಂದ ಮೆತ್ತಗೆ ಇಳಿಯಿತು. ಕುಟ್ಟಪ್ಪ ಮೀಸೆ ತಿರುವಿಕೊಂಡು ಅಣ್ಣನ ಕಡೆ ತಲೆಯಾಡಿಸಿದ. ನಾನು ಅತ್ತಿಗೆಯ ತೊಡೆ ಚಿವುಟಿದೆ. ಅವಳು ಮೆಲ್ಲಗೆ ಎದೆ ಮುಟ್ಟಿಕೊಂಡಳು, ಪೆಟ್ಟಿಗೆ ಒಂಚೂರು ಏರಿತು. ಎಲ್ಲ ಹೂವೆತ್ತಿದ ಹಾಗೆ ನಡೆಯುತ್ತಿತ್ತು.

ಆಗ ಅತ್ತಿಗೆಯ ದೂರದ ಸಂಬಂಧದ ಒಬ್ಬ ಅಜ್ಜಿ ಬಂದರು. ನಮ್ಮಲ್ಲಿ ಹಿರಿಯರ ಕಾಲು ಹಿಡಿಯುವುದೆಂದರೆ ಒಮ್ಮೆ ಬಗ್ಗಿದರೆ ಮುಗಿಯುವುದಿಲ್ಲ. ಎರಡೂ ಕೈಯಲ್ಲಿ ಪಾದ ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು, ಅದೂ ಮೂರು ಸಲ. ಕೊಡಗಿನಲ್ಲೇ ಹುಟ್ಟಿ, ದಿನಾ ಯಾರದಾದರೂ ಕಾಲು ಹಿಡಿಯುತ್ತಾ ಬೆಳೆದ ನಮ್ಮಲ್ಲಿ ಒಬ್ಬರಿಗಾದರೂ ಇದು ಹೊಳೆಯಬಾರದೇ? ಅತ್ತಿಗೆ ಎದ್ದು ಅಜ್ಜಿಯ ಕಾಲು ಹಿಡಿದಳು. ಹಣೆ, ಹಣೆ, ಹಣೆ. ಅಣ್ಣ ನಿಷ್ಠೆಯಿಂದ ಹಾರ್ನಿನ ಗುಂಡಿಯನ್ನು ತಿರುಗಿಸಿದ, ತಿರುಗಿಸಿದ, ತಿರುಗಿಸಿದ.

ಹಾಡು ಚುರುಕಾಗಿ ಚುಚ್ಚತೊಡಗಿತು. ಅತ್ತಿಗೆ ಕಿವಿಗೆ ಕೈ ಒಯ್ಯುವಷ್ಟರಲ್ಲಿ ಅಜ್ಜಿಯ ಹಿಂದೆ ಅವರ ಅಕ್ಕ. ಕಾಲು ಹಿಡಿಯದಿದ್ದರೆ ಮದುವೆ ಮನೆಯಲ್ಲಿ ಮರ್ಯಾದೆ ಉಳಿಯುತ್ತದೆಯೇ? ಮತ್ತೆ ಬಗ್ಗಿದಳು. ಮತ್ತೆ ಹಣೆ, ಹಣೆ, ಹಣೆ. ಅಕ್ಕನ ಹಿಂದೆ ಅವರ ನಾದಿನಿ! ಮದುವೆಗೆ ಬಂದ ಮುದುಕಿಯರೆಲ್ಲ ಅವತ್ತು ನಮ್ಮ ಸಾಲನ್ನೇ ಹುಡುಕಿಕೊಂಡು ಬಂದರೋ ಏನೋ. ಅಣ್ಣ ಬೆವರು ಒರೆಸಿಕೊಂಡು, ಇಷ್ಟೂ ಸಾಲದೇ ಎಂಬಂತೆ ಅವಳನ್ನೇ ನೋಡುತ್ತಾ, ಗುಂಡಿಯನ್ನು ಕೊನೆಯವರೆಗೂ ತಿರುಗಿಸಿಬಿಟ್ಟ. ಹಾರ್ನ್ ಸಿಳ್ಳೆ ಹಾಕಲು ಶುರುಮಾಡಿತು. ಗಾಳಿಬೀಡಿನ ಅದೇ ಸಿಳ್ಳೆ.

ಜನರ ಕೈಗಳು ಕಿವಿಗೆ ಏರತೊಡಗಿದವು. ಕುಟ್ಟಪ್ಪನ ಮುಖ ಗಂಟಾಯಿತು. ಅತ್ತಿಗೆ ನೆಟ್ಟಗೆ ನಿಂತಳು. ಅವ್ವ ಅವಳ ಸೀರೆ ಹಿಡಿದು, "ಕೂತ್ಕೊ! ಹೋಗ್ಬೇಡ, ಅವನ ಮಾನ ಹೋಗುತ್ತೆ" ಎಂದಳು.

"ಕೂತ್ರೂ ಹೋಗುತ್ತೆ ಅವ್ವ" ಎಂದಳು ಅತ್ತಿಗೆ, ಸೀರೆ ಬಿಡಿಸಿಕೊಂಡಳು. ಅಷ್ಟು ಜನರ ನಡುವೆ, ಅಷ್ಟು ಹಿರಿಯರ ಮುಂದೆ ಅವಳು ಸೀದಾ ಚಪ್ಪರ ದಾಟಿ ನಡೆದಳು. ಸೆಟ್ಟಿನ ಹತ್ತಿರ ಹೋಗಿ ಹಾರ್ನಿನ ಗುಂಡಿಯನ್ನು ಸರ್ರನೆ ಇಳಿಸಿದಳು. ಸಿಳ್ಳೆ ನಿಂತಿತು. ಹಾಡೂ ನಿಂತಿತ್ತು. ದುಡಿ ಕೆಳಗಿಳಿಸಿ ನಾಣಯ್ಯಜ್ಜ ಇವರನ್ನೇ ನೋಡುತ್ತಿದ್ದರು. ಚಪ್ಪರವೆಲ್ಲ ಇವರನ್ನೇ ನೋಡುತ್ತಿತ್ತು.

ಅಣ್ಣ ಅತ್ತಿಗೆಯ ಮುಖ ನೋಡಿದ. ಏನಾಯಿತೆಂದು ಅವನಿಗೆ ಆಗ ತಿಳಿಯಿತು. ಅವನು ಏನಾದರೂ ಸುಳ್ಳು ಹೇಳಬಹುದಿತ್ತು. ಬ್ಯಾಟರಿ ಸರಿಯಿಲ್ಲ, ತಂತಿ ಸಡಿಲಾಯಿತು, ಮನೆಯವಳಿಗೆ ತಲೆ ಕೆಟ್ಟಿದೆ. ಗಂಡಸರಿಗೆ ಇಂಥ ಹೊತ್ತಿನಲ್ಲಿ ಸುಳ್ಳಿಗೇನು ಬರವೇ? ನನ್ನ ಅಣ್ಣ ಎದ್ದು ನಿಂತ. ಸ್ಟೂಲನ್ನು ಅತ್ತಿಗೆಯ ಕಡೆ ಸರಿಸಿದ. ಆಮೇಲೆ ಹತ್ತಿರದ ಮೈಕಿನ ಮುಂದೆ ಹೋಗಿ ನಿಂತ. ಇಷ್ಟು ವರ್ಷ ಊರಿಗೆಲ್ಲ ಮೈಕ್ ಇಟ್ಟವನು ಮೈಕಿನಲ್ಲಿ ಮಾತಾಡಿದ್ದು ಅದೇ ಮೊದಲು.

"ನನ್ನ ಕಿವಿಗೆ ಸಣ್ಣ ಸದ್ದು ಕೇಳೋದಿಲ್ಲ. ಪಟ್ಟಾಳದ ಜ್ವರದಲ್ಲಿ ಹೋಯ್ತು. ಗಾಳಿಬೀಡಿನಲ್ಲಿ ಆದದ್ದೂ ಅದಕ್ಕೇ. ಇವಳಿಗೆ ಎಲ್ಲ ಕೇಳುತ್ತೆ. ಈ ಸೆಟ್ಟಿಗೆ ಕೈ ನನ್ನದು, ಕಿವಿ ಇವಳದ್ದು. ಮುಚ್ಚಿಟ್ಟದ್ದು ನನ್ನ ತಪ್ಪು. ಇನ್ನು ಇಲ್ಲಿ ಇಬ್ಬರೂ ಕೂರ್ತೇವೆ. ಬೇಡ ಅಂದ್ರೆ ಬಿಚ್ಚಿಕೊಂಡು ಹೋಗ್ತೇವೆ."

ಕುಟ್ಟಪ್ಪ ಬಾಯಿ ತೆರೆದ, ಆದರೆ ಅವನಿಗಿಂತ ಮೊದಲು ನಾಣಯ್ಯಜ್ಜ ಮಾತಾಡಿದರು. ಮೈಕ್ ಆನ್ ಇದ್ದುದರಿಂದ ಅಜ್ಜನ ಮಾತು ತೋಟದ ಆಚೆಗೂ ಕೇಳಿತು.

"ಬಿಚ್ಚೋದು ಎಂತಕ್ಕೆ? ನನಗೆ ಉಸಿರು ಸಾಲೋದಿಲ್ಲ, ಹಲ್ಲಿಲ್ಲ. ನಾನು ಬಿಟ್ಟಲ್ಲಿ ಇವರು ಹಿಡೀತಾರೆ ಅಂತ ಅಲ್ವಾ ಹಾಡ್ತಾ ಇರೋದು? ನಾಲ್ಕು ಜನ ಸೇರಿ ಹಾಡೋ ಹಾಡಿಗೆ ಇಬ್ಬರು ಸೇರಿ ಗುಂಡಿ ತಿರುಗಿಸಿದ್ರೆ ಎಂತ ಕಮ್ಮಿ ಆಯ್ತು? ಕೂತ್ಕೊ ಮಗಳೇ."

ಅತ್ತಿಗೆ ಸ್ಟೂಲಿನ ಮೇಲೆ ಕೂತಳು. ಅಣ್ಣ ಅವಳ ಪಕ್ಕ ನೆಲದ ಮೇಲೆ ಮಂಡಿಯೂರಿದ. ಹಾರ್ನು, ಪೆಟ್ಟಿಗೆಯ ಗುಂಡಿಗಳು ಅವಳ ಬೆರಳಲ್ಲಿ. ಎರಡು ಮೈಕಿನ ಗುಂಡಿಗಳು ಅವನ ಬೆರಳಲ್ಲಿ. ಅಜ್ಜನ ಜೋಡಿ ಸಾಲು ಮುಗಿಸುವಾಗ ಅಣ್ಣ ಅವರ ಮೈಕನ್ನು ಇಳಿಸುತ್ತಾ ಇನ್ನೊಂದನ್ನು ಏರಿಸುತ್ತಿದ್ದ. ಒಂದನ್ನು ಪೂರ್ತಿ ಮುಚ್ಚಿದರೆ ಆ ಬದಿಯ ದುಡಿ ಸತ್ತುಹೋಗುತ್ತದೆ, ಹಾಗಾಗಿ ಎರಡೂ ನಡುದಾರಿಯಲ್ಲಿ ಒಂದನ್ನೊಂದು ದಾಟಬೇಕು. ದಾಟುವಾಗ ಎರಡು ಮೈಕೂ ತೆರೆದಿದ್ದು ಹಾರ್ನ್ ಮೊನಚಾಗುತ್ತದೆ, ಸರಿಯಾಗಿ ಆ ಗಳಿಗೆಗೆ ಅತ್ತಿಗೆ ಹಾರ್ನನ್ನು ಕೂದಲೆಳೆಯಷ್ಟು ಇಳಿಸುತ್ತಿದ್ದಳು. ಅವನು ಅವಳ ಬೆರಳು ನೋಡುತ್ತಿದ್ದ, ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಯಾವ ಜೋಡಿ ಎಲ್ಲಿ ಬಿಟ್ಟಿತು, ಯಾವುದು ಎಲ್ಲಿ ಹಿಡಿಯಿತು ಎಂದು ಹೇಳಲು ಬರುವಂತಿರಲಿಲ್ಲ. ಅಜ್ಜನ ದನಿ ಅಷ್ಟು ದೊಡ್ಡ ಚಪ್ಪರದಲ್ಲಿ ಅಜ್ಜನ ದನಿಯಾಗಿಯೇ ಕೊನೆಯ ಸಾಲಿನ ಮುದುಕಿಯವರೆಗೂ ಹೋಯಿತು. ನಾನು ಅತ್ತುಬಿಟ್ಟೆ. ಬಾಯಿಬಡುಕಿ ಯಮುನ ಮದುವೆ ಮನೆಯಲ್ಲಿ ಮೂಗೊರೆಸಿಕೊಂಡು ಅತ್ತಳು ಎಂದು ಈಗಲೂ ನನ್ನನ್ನು ಗೇಲಿ ಮಾಡುವವರಿದ್ದಾರೆ. ಮಾಡಲಿ. ನನ್ನ ಅಣ್ಣ, ನನ್ನ ಅತ್ತಿಗೆ. ಅಳದೆ ಇರಲು ನಾನೇನು ಕಲ್ಲೇ?

ಊಟವಾದ ಮೇಲೆ ಅಮ್ಮತ್ತಿ ಕಡೆಯ ಒಬ್ಬ ಬೆಳೆಗಾರ ಅಣ್ಣನ ಹತ್ತಿರ ಬಂದು, ಮುಂದಿನ ತಿಂಗಳು ತಮ್ಮನ ಮದುವೆಗೆ ಸೆಟ್ ಸಿಗುತ್ತದೆಯೇ ಎಂದು ಕೇಳಿದ. ಅಣ್ಣ ತಂತಿ ಸುತ್ತುತ್ತಾ, "ಅವಳನ್ನ ಕೇಳಿ. ಅವಳು ಬಂದ್ರೆ ಮಾತ್ರ ಸೆಟ್ ಬರೋದು" ಎಂದ. ಆ ಮನುಷ್ಯ ಅತ್ತಿಗೆಯ ಮುಂದೆ ಹೋಗಿ ನಿಂತು, "ಅಕ್ಕ, ಬರ್ತೀರಾ?" ಎಂದು ಕೇಳಿದ. ಅತ್ತಿಗೆ ಕೆಂಪಗಾಗಿ ನನ್ನ ಕಡೆ ನೋಡಿದಳು. ಬರುತ್ತಾಳೆ ಎಂದು ನಾನೇ ಹೇಳಿಬಿಟ್ಟೆ.

ಅವ್ವ ಮಾತ್ರ ಊಟಕ್ಕೆ ಕೂತಾಗಲೂ ತುಟಿ ಬಿಚ್ಚಿರಲಿಲ್ಲ. ಮನೆಯ ಗುಟ್ಟು ಮೈಕಿನಲ್ಲಿ ಹೋಯಿತಲ್ಲ, ಇನ್ನು ನಮ್ಮ ಗತಿ ಏನೋ ಎಂದು ನಾನು ಹೆದರಿಕೊಂಡೇ ಬಸ್ ಹತ್ತಿದೆ. ಸೆಟ್ಟೆಲ್ಲ ಬಸ್ಸಿನ ಮೇಲೆ, ಅಣ್ಣ ಅತ್ತಿಗೆ ಮುಂದಿನ ಸೀಟಿನಲ್ಲಿ, ನಾವಿಬ್ಬರು ಅವರ ಹಿಂದೆ. ಅವ್ವನ ಪಕ್ಕ ವೀರಾಜಪೇಟೆಯಲ್ಲಿ ಹತ್ತಿದ ಒಬ್ಬ ಹೆಂಗಸು ಕೂತಿದ್ದಳು, ಗುರುತು ಪರಿಚಯ ಏನೂ ಇಲ್ಲ. ಬಸ್ ಹೊರಟು ಸ್ವಲ್ಪ ದೂರ ಹೋಗಿರಬೇಕು, ಅವ್ವ ಆ ಹೆಂಗಸಿನ ತೋಳು ಹಿಡಿದು, ಬಸ್ಸಿಗೆ ಬಸ್ಸೇ ತಿರುಗಿ ನೋಡುವ ದನಿಯಲ್ಲಿ ಶುರುಮಾಡಿದಳು.

"ಅಲ್ಲಿ ಮುಂದೆ ಕೂತಿದ್ದಾನಲ್ಲ, ಅವ ನನ್ನ ಮಗ. ಸೆಟ್ಟೆಲ್ಲ ಅವನೇ ಕಟ್ಟಿದ್ದು. ಕಿವಿ ಕೇಳೋದಿಲ್ಲ ಅವನಿಗೆ. ಹೌದು ಮಾರಾಯ್ತಿ, ಕೇಳೋದಿಲ್ಲ! ಪಕ್ಕದಲ್ಲಿ ನೋಡು, ಅವಳು ನನ್ನ ಸೊಸೆ. ಈ ಕೊಡಗಿನಲ್ಲೇ ಅವಳಂಥ ಕಿವಿ ಇನ್ನೊಂದಿಲ್ಲ."